ನ್ಯೀಮಾ ಸಾಂಬುವಿನ ಸೀಕಲು ವ್ಯಾಜ್ಯ

ಯೋಫ್ ಕಡಲತೀರದ ಮೀನುದೋಣಿಗಳ ಹಿಂದಿನ ಬೀದಿಯಲ್ಲಿ ನ್ಯೀಮಾ ಸಾಂಬುವಿನ ಬಾಯಿಗೆ ಸಿಗದ ಗಂಡಸಿರಲಿಲ್ಲ. ಅವಳ ಕೈಯ ಅನ್ನ ಉಣ್ಣದೆ ಹೋದ ಗಂಡಸೂ ಇರಲಿಲ್ಲ. ಬೈಗುಳವನ್ನೂ ಅನ್ನವನ್ನೂ ಅವಳು ಒಂದೇ ಸೌಟಿನಲ್ಲಿ ಬಡಿಸುತ್ತಿದ್ದಳು. ಬೇವಿನ ಮರಕ್ಕೆ ಆತುಕೊಂಡ ತಗಡಿನ ಮಾಡು, ಎರಡು ಬೆಂಚು, ಕಲ್ಲಿನ ಒಲೆ, ಒಲೆಯ ಮೇಲೆ ಮಗುವನ್ನು ಕೂರಿಸಿ ನೀರು ಹಾಕಬಹುದಾದಷ್ಟು ದೊಡ್ಡ ಕಬ್ಬಿಣದ ಪಾತ್ರೆ. ಬೆಳಿಗ್ಗೆ ದೋಣಿಯಿಂದ ಇಳಿದ ಮೀನು ಮಧ್ಯಾಹ್ನಕ್ಕೆ ನಿಂಬೆ, ಈರುಳ್ಳಿಯ ಜೊತೆ ಕುದಿದು ಕಾಲ್ದು ಆಗುತ್ತಿತ್ತು. ಕಾಲ್ದುವಿನ ವಾಸನೆ ಮಸೀದಿಯ ಬಾಗಿಲು ದಾಟಿದ ಕೂಡಲೇ ಇಮಾಮರ ಪ್ರಾರ್ಥನೆ ಸ್ವಲ್ಪ ಚುರುಕಾಗುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು.

ದಕ್ಷಿಣದ ಕಾಸಮಾಂಸ್ ನದಿಯ ಗದ್ದೆಗಳಿಂದ, ಹುಡುಗಿಯಾಗಿದ್ದಾಗಲೇ ಹಡಗು ಹತ್ತಿ ಡಕಾರ್‌ಗೆ ಬಂದವಳು ಅವಳು. ಯಾರ್ಯಾರದೋ ಮನೆಯ ಬಟ್ಟೆ ಒಗೆದಳು, ಮದುವೆಯಾದಳು, ಗಂಡನನ್ನು ಮಣ್ಣು ಮಾಡಿದಳು. ಗಂಡನ ವಿಷಯ ಕೇಳಿದರೆ, "ಒಳ್ಳೆಯವನು. ಮಾತಿಗೆ ಮಾತು ಕೊಡೋಕೆ ಬರ್ತಿರ್ಲಿಲ್ಲ, ಅದೊಂದೇ ಕೊರತೆ" ಎನ್ನುತ್ತಿದ್ದಳು.

ಆ ಕೊರತೆಯನ್ನು ತುಂಬಿದವನು ಬೀದಿಯ ಕೊನೆಯ ಬಿಳಿ ಮನೆಯ ಜನರಲ್ ಗರ್ಬಾ.

ಪೂರ್ವದ ಮರಳುಸೀಮೆಯ ಒಂದು ದೇಶವನ್ನು ಆಳಿ, ಅಲ್ಲಿಯವರು ಅಟ್ಟಿದಾಗ ಒಂದು ವಿಮಾನ, ಬಹಳಷ್ಟು ಸೂಟ್‌ಕೇಸು, ಕಪ್ಪು ಕನ್ನಡಕದ ಸಮೇತ ಇಲ್ಲಿಗೆ ಬಂದು ಇಳಿದವನು. ಮಸೀದಿಗೆ ಮೈಕು ಹಾಕಿಸಿಕೊಟ್ಟ. ತಬಾಸ್ಕಿ ಹಬ್ಬಕ್ಕೆ ಬೀದಿಗೆಲ್ಲ ಟಗರು ಹಂಚಿದ. ಕೊನೆಗೆ ಸೆರೇರ್ ಕುಲದ ಹೆಣ್ಣನ್ನು ಮದುವೆಯಾದ. ಅವಳ ಸೋದರಮಾವ ಮದುವೆಯ ಊಟದಲ್ಲಿ ಖುಷಿಯಾಗಿ, ಇನ್ನು ಮೇಲೆ ನೀನೂ ನಮ್ಮವನೇ, ನಿನ್ನ ಮನೆತನದ ಹೆಸರು ಫಾಯ್ ಎಂದುಬಿಟ್ಟ. ಊಟ ಬಡಿಸುತ್ತಿದ್ದ ನ್ಯೀಮಾ ಅಲ್ಲೇ ಸೌಟು ಕೆಳಗಿಟ್ಟಳು.

"ಫಾಯ್ ಆದ್ಯಾ? ಹಾಗಾದ್ರೆ ಇವತ್ತಿಂದ ನೀನು ನನ್ನ ಗುಲಾಮ. ಏಳು, ತಟ್ಟೆ ತೊಳಿ."

ಅಂಗರಕ್ಷಕರು ಸೊಂಟದ ಪಿಸ್ತೂಲಿಗೆ ಕೈ ಹಾಕಿದರು. ಸೋದರಮಾವ ಅವರನ್ನು ತಡೆದು ನಕ್ಕ. ನ್ಯೀಮಾ ಜೋಲಾ ಕುಲದವಳು. ಹಿಂದೆ ಅಕ್ಕತಂಗಿಯರಿಬ್ಬರು ಒಂದೇ ದೋಣಿಯಲ್ಲಿ ಹೊರಟಿದ್ದರಂತೆ. ಬಿರುಗಾಳಿಗೆ ದೋಣಿ ಎರಡು ತುಂಡಾಯಿತು. ಒಂದು ತುಂಡು ಉತ್ತರಕ್ಕೆ ತೇಲಿತು. ಅದರಲ್ಲಿದ್ದವಳು ಸಜ್ಜೆ ಬೆಳೆಯುವ ಸೆರೇರರ ತಾಯಿ. ಇನ್ನೊಂದು ದಕ್ಷಿಣಕ್ಕೆ ತೇಲಿತು. ಅದರಲ್ಲಿದ್ದವಳು ಭತ್ತ ಬೆಳೆಯುವ ಜೋಲಾಗಳ ತಾಯಿ. ಅಂದಿನಿಂದ ಈ ಎರಡು ಕುಲದವರು ಎಲ್ಲಿ ಎದುರಾದರೂ ಒಬ್ಬರನ್ನೊಬ್ಬರು ಗುಲಾಮ ಎನ್ನಬೇಕು, ಹೊಟ್ಟೆಬಾಕ ಎನ್ನಬೇಕು. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ಸುಮ್ಮನಿರುವಂತೆಯೂ ಇಲ್ಲ. ಸುಮ್ಮನಿದ್ದರೆ ಗುಲಾಮತನ ಒಪ್ಪಿಕೊಂಡಂತೆ.

ಜನರಲ್‌ಗೆ ಇದು ಎಷ್ಟು ಹಿಡಿಸಿತೆಂದರೆ, ಮರುದಿನ ಮಧ್ಯಾಹ್ನ ಅವನೇ ಬೇವಿನ ಮರದ ಕೆಳಗೆ ಬಂದು ಕೂತ. ಆಮೇಲೆ ಇಪ್ಪತ್ತು ವರ್ಷ ತಪ್ಪಿಸಲಿಲ್ಲ.

"ಏನೋ ಗುಲಾಮ, ಮನೇಲಿ ಸಜ್ಜೆ ಮುಗೀತಾ? ಅಕ್ಕಿ ವಾಸನೆ ಹಿಡ್ಕೊಂಡು ಬಂದ್ಯಾ?"

"ಯಜಮಾನ ಕಣೇ ನಾನು. ಆಳುಗಳು ಕದೀತಾರೇನೋ ಅಂತ ನೋಡೋಕೆ ಬಂದೆ. ಪಾತ್ರೆ ಇತ್ಲಾಗೆ ತಿರುಗಿಸು, ತಳ ನೋಡ್ಬೇಕು."

"ತಳ ನೋಡೋದು ಬೆಕ್ಕಿನ ಕೆಲಸ."

ಜಗಳವೆಲ್ಲ ಆ ತಳದ್ದೇ. ಅನ್ನದ ಪಾತ್ರೆಯ ಅಡಿಯಲ್ಲಿ ಕೆಂಪಗೆ, ಗರಿಗರಿಯಾಗಿ ಹಿಡಿದುಕೊಳ್ಳುವ ಸೀಕಲು ಯಾರಿಗೆ ಸೇರಬೇಕು? ದೋಣಿ ಒಡೆದಾಗ ಅಕ್ಕಿಮೂಟೆ ದಕ್ಷಿಣದ ತುಂಡಿನಲ್ಲಿತ್ತು, ಆದ್ದರಿಂದ ಸೀಕಲು ಜೋಲಾಗಳದ್ದು ಎಂದು ನ್ಯೀಮಾ. ಪಾತ್ರೆ ಉತ್ತರದ ತುಂಡಿನಲ್ಲಿತ್ತು, ಪಾತ್ರೆ ಬಿಡದೆ ಹಿಡಿದದ್ದು ಪಾತ್ರೆಯವರದ್ದು ಎಂದು ಜನರಲ್. ಮೀನುಗಾರರು ಎರಡು ಪಕ್ಷವಾಗಿ ವಾದಿಸುವರು. ಅಷ್ಟರಲ್ಲಿ ಜನರಲ್ ಸೌಟು ಕಸಿದುಕೊಂಡು ಕೆರೆಯುತ್ತಾ ಕೂತಿರುತ್ತಿದ್ದ, ಬೀದಿಯ ತುದಿಗೂ ಕೇಳುವಂತೆ ನಗುತ್ತಿದ್ದ.

ಆ ಹೊತ್ತಿಗೆ ಹಿತ್ತಲಿಗೆ ಎದ್ದುಹೋಗುವವಳು ಒಬ್ಬಳಿದ್ದಳು. ದೆನೆಮಾಜಿ. ಜನರಲ್‌ನ ದೇಶದವಳೇ. ನ್ಯೀಮಾಳ ಹಿಂದಿನ ಕೋಣೆಯನ್ನು ಬಾಡಿಗೆ ಹಿಡಿದು ಬಟ್ಟೆ ಹೊಲಿಯುತ್ತಿದ್ದಳು. ವಾರಕ್ಕೊಮ್ಮೆ ತನ್ನ ದೇಶದ ನಾಲ್ಕಾರು ಜನರ ಜೊತೆ ಯಾವುದೋ ವಕೀಲರ ಕಚೇರಿಗೆ ಹೋಗಿಬರುತ್ತಿದ್ದಳು. ಅಳತೆ ಕೇಳಲು ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ನ್ಯೀಮಾಳಿಗೆ ಇದು ತಡೆಯಲಾರದ ಸಂಕಟ.

"ದೆನೇ, ನಿಂಗೆ ನಗೋಕೆ ಬರಲ್ವೇನೇ? ಹಲ್ಲು ಯಾರದ್ದಾದ್ರೂ ಸಾಲ ತಂದಿದೀಯಾ?"

ದೆನೆ ಸೂಜಿಗೆ ದಾರ ಪೋಣಿಸಿ ಮುಗಿಸಿದಳು. "ನಮ್ಮನೇಲಿ ನಗೋದು ನನ್ನ ಗಂಡನ ಕೆಲಸ ಆಗಿತ್ತು ಅಕ್ಕ."

"ಏನ್ ಮಾಡ್ತಿದ್ದ?"

"ಅಂಚೆಯವನು. ಕಾಗದ ಕೊಟ್ಟು ಒಂದು ತಮಾಷೆನೂ ಕೊಟ್ಟು ಬರ್ತಿದ್ದ. ಒಂದು ಮದುವೇಲಿ ಕೇಳ್ದ, ನಮ್ಮ ಜನರಲ್ ರಾತ್ರಿನೂ ಕಪ್ಪು ಕನ್ನಡಕ ಹಾಕ್ಕೊಳ್ತಾನಲ್ಲ, ಹೆಂಡತಿನ ಹೇಗೆ ಗುರುತು ಹಿಡೀತಾನೆ ಅಂತ. ಎಲ್ರೂ ನಕ್ರು. ಆ ವಾರವೇ ಜೀಪು ಬಂತು."

"ಬೈದಿದ್ನಾ?"

"ಬೈದಿರ್ಲಿಲ್ಲ. ಕೇಳಿದ್ದ ಅಷ್ಟೆ." ದೆನೆ ದಾರಕ್ಕೆ ಗಂಟು ಹಾಕಿದಳು. "ಆಮೇಲೆ ನನ್ನನ್ನೂ ಕರ್ಕೊಂಡು ಹೋದ್ರು. ನಾನು ವಾಪಸ್ ಬಂದೆ. ಅವನು ಬರ್ಲಿಲ್ಲ. ಇಲ್ಲಿ ನೀವು ದಿನಾ ಆ ಜನರಲ್‌ಗೆ ಗುಲಾಮ ಅಂತೀರ, ಅವನು ನಗ್ತಾನೆ. ನಾನು ಹಿತ್ತಲಲ್ಲಿ ಕೂತು ಆ ನಗು ಕೇಳಿಸ್ಕೊಳ್ತೀನಿ."

ಅಂದಿನ ಕಾಲ್ದುವಿಗೆ ನಿಂಬೆ ಎರಡು ಸಲ ಬಿತ್ತು, ಉಪ್ಪು ಬೀಳಲೇ ಇಲ್ಲ. ಉಂಡವರಿಗೆ ಅದಕ್ಕಿಂತ ನ್ಯೀಮಾ ಬೈಯದೆ ಬಡಿಸಿದ್ದೇ ದೊಡ್ಡ ಭಯವಾಗಿತ್ತು. ಮರುದಿನ ಅವಳು ಜನರಲ್‌ನನ್ನು ಕೇಳಿದಳು.

"ಗುಲಾಮ, ನಿಮ್ಮೂರಲ್ಲಿ ನಿನ್ನ ಬೈದವರಿಗೆ ಏನ್ ಕೊಡ್ತಿದ್ದೆ?"

"ಅಲ್ಲಿ ಯಾರೂ ಬೈತಾನೇ ಇರ್ಲಿಲ್ಲ."

"ಒಬ್ರೂ?"

"ಒಬ್ರೂ. ಅಷ್ಟು ಚೆನ್ನಾಗಿ ನೋಡ್ಕೊಂಡಿದ್ದೆ ಜನಾನ." ಅವನು ಸೀಕಲು ಕೆರೆದು ಬಾಯಿಗೆ ಹಾಕಿಕೊಂಡ.

ಅದಾದ ಸ್ವಲ್ಪ ಕಾಲಕ್ಕೆ ಅವನ ದೇಶದಲ್ಲಿ ಹೊಸ ಸರ್ಕಾರ ಬಂದು, ನಮ್ಮ ಜನರಲ್‌ನನ್ನು ನಮಗೆ ಕೊಡಿ, ವಿಚಾರಣೆ ಮಾಡಬೇಕು ಎಂದು ಕೇಳಿತು. ಇಲ್ಲಿಯ ಕೋರ್ಟು ಕಾಗದಪತ್ರ ನೋಡಿ, ಕಳಿಸಬಹುದು ಎಂದಿತು. ಅದೇ ವಾರ ಜನರಲ್‌ಗೆ ಮರೆವು ಬಂತು. ಗಾಲಿಕುರ್ಚಿ ಬಂತು. ಪ್ಯಾರಿಸ್‌ನಿಂದ ವಕೀಲ ಬಂದ. ಯಾರನ್ನೂ ಗುರುತಿಸುತ್ತಿಲ್ಲವಂತೆ, ಅಗಿಯಲಾರನಂತೆ, ಗಂಜಿ ಮಾತ್ರ ಕುಡಿಯುತ್ತಾನಂತೆ. ಇಬ್ಬರು ವೈದ್ಯರು ನೋಡಿದರು. ಒಬ್ಬರು ಮರೆವು ಇದೆ ಎಂದರು. ಇನ್ನೊಬ್ಬರು, ಇದ್ದರೂ ಇರಬಹುದು ಎಂದರು. ನ್ಯಾಯಾಧೀಶರು, ನಾನೇ ಕಣ್ಣಾರೆ ನೋಡುತ್ತೇನೆ ಎಂದರು.

ನ್ಯೀಮಾ ಮರುಗಿದಳು. ಇಪ್ಪತ್ತು ವರ್ಷ ಎದುರು ಕೂತು ಬೈಸಿಕೊಂಡ ಮನುಷ್ಯ. ಒಂದು ಗುರುವಾರ ಕಾಲ್ದುವನ್ನು ಸಣ್ಣ ಪಾತ್ರೆಯ ಸಮೇತ ಬಿಳಿ ಮನೆಗೆ ಕಳಿಸಿದಳು; ವಾಸನೆಗಾದರೂ ಏನಾದರೂ ನೆನಪಾದೀತು. ಸಂಜೆ ಪಾತ್ರೆ ವಾಪಸು ಬಂತು. ಮೀನು ಹಾಗೇ ಇತ್ತು, ಅನ್ನ ಹಾಗೇ ಇತ್ತು. ಅನ್ನವನ್ನು ಸೌಟಿನಿಂದ ಒತ್ತಟ್ಟಿಗೆ ಸರಿಸಿ ನೋಡಿದಳು. ತಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಕಾವಲಿನವನು ತಿಂದಿರಬಹುದು ಎಂದುಕೊಂಡಳು. ಬೆಕ್ಕೂ ಇರಬಹುದು. ಅನ್ನ ಸರಿಸಿ ಸೀಕಲು ತಿಂದು ಮತ್ತೆ ಅನ್ನ ಮುಚ್ಚುವ ಬೆಕ್ಕು.

ವಕೀಲ ಬೇವಿನ ಮರದ ಕೆಳಗೆ ಬಂದದ್ದು ಅದಾದ ಮೇಲೆ. ಜೊತೆಗೆ ಇದೇ ಊರಿನ ಕಿರಿಯ ವಕೀಲ ಮಗಾತ್ ಇದ್ದ.

"ಜನರಲ್ ಜಗತ್ತಿನಲ್ಲಿ ಯಾರನ್ನಾದರೂ ಗುರುತಿಸುವುದಾದರೆ ಅದು ನಿಮ್ಮನ್ನೇ ಎಂದು ಬೀದಿಯೆಲ್ಲ ಹೇಳುತ್ತದೆ" ಎಂದ ಪ್ಯಾರಿಸ್ ವಕೀಲ. "ನೀವು ಕೋರ್ಟಿಗೆ ಬಂದು ಎದುರಿಗೆ ನಿಂತು ಕ್ಷೇಮ ವಿಚಾರಿಸಿ. ಅವರು ಗುರುತಿಸುವುದಿಲ್ಲ. ನ್ಯಾಯಾಧೀಶರಿಗೆ ಅಷ್ಟು ಸಾಕು."

ಮಗಾತ್ ಬೆವರೊರೆಸಿಕೊಂಡ. "ಸರ್, ಈಯಮ್ಮ ಬೇಡ. ಇವರಿಬ್ಬರ ಕುಲಕ್ಕೂ ಒಂದು ಪದ್ಧತಿ ಇದೆ..."

"ಹಳೆಯ ಸ್ನೇಹ ತಾನೇ? ಅದೇ ಬೇಕು ನನಗೆ" ಎಂದ ಪ್ಯಾರಿಸ್ ವಕೀಲ. ಅವನ ತರ್ಕದಲ್ಲಿ ಎಲ್ಲಿಯೂ ತೂತಿರಲಿಲ್ಲ. ಮಗಾತ್ ಒಂದು ತಟ್ಟೆ ಅನ್ನ ಹಾಕಿಸಿಕೊಂಡು ಉಂಡ.

ಅವರು ಹೋದ ಮೇಲೆ ದೆನೆ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಹೋಗ್ತೀರಾ ಅಕ್ಕ?"

"ಕರೆದ ಮೇಲೆ ಹೋಗ್ಬೇಕಲ್ಲ."

"ಮರೆವು ನಿಜ ಅಂತ ಆ ನ್ಯಾಯಾಧೀಶರು ಹೇಳಿದ್ರೆ ಎಲ್ಲಾ ಮುಗೀತು. ಇನ್ನೊಂದ್ಸಲ ಕೇಳೋ ಹಾಗಿಲ್ವಂತೆ." ಬಾಗಿಲು ಹಿಡಿದು, "ಎದುರಿಗೆ ನಿಂತು ಒಂದೇ ಒಂದು ಮಾತು ಕೇಳ್ಬೇಕು ಅಂತ ಇಷ್ಟು ವರ್ಷ ಇಲ್ಲಿ ಬಟ್ಟೆ ಹೊಲ್ದೆ" ಎಂದಳು.

ನ್ಯೀಮಾ ಪಾತ್ರೆ ಉಜ್ಜುತ್ತಾ ಕೂತಳು. ಕುಲಬಂಧುವಿಗೆ ಕೇಡು ಬಗೆದರೆ ಮುಂದೆ ಹತ್ತಿದ ದೋಣಿ ಒಡೆಯುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಸುಳ್ಳು ಹೇಳುವಂತಿಲ್ಲ, ಚಾಡಿ ಹೇಳುವಂತಿಲ್ಲ. ಬೈಯಬಾರದು ಎಂದು ಮಾತ್ರ ಯಾವ ಅಜ್ಜಿಯೂ ಹೇಳಿದ್ದಿಲ್ಲ.

"ಕ್ಷೇಮ ತಾನೇ ವಿಚಾರಿಸ್ಬೇಕು" ಎಂದಳು ಕೊನೆಗೆ. "ಸಾಂಬುಗಳು ಫಾಯ್‌ಗಳ ಕ್ಷೇಮ ಹೇಗೆ ವಿಚಾರಿಸ್ತಾರೋ ಹಾಗೇ ವಿಚಾರಿಸ್ತೀನಿ."

ಕಾಲ್ದುವಿನ ಸಣ್ಣ ಪಾತ್ರೆ ಹೊತ್ತು ಬಂದ ಅವಳನ್ನು ಕೋರ್ಟಿನ ಬಾಗಿಲಲ್ಲಿ ಪೇದೆ ತಡೆದ. "ಅವ್ವಾ, ಪಾತ್ರೆ ಒಳಗೆ ಬಿಡಲ್ಲ."

"ನೀನು ಯಾರ ಪೈಕಿ?"

"ಬಾಜಿ."

"ಜೋಲಾ ಆಗಿ ಜೋಲಾ ಪಾತ್ರೆ ತಡೀತೀಯಾ? ನಿಮ್ಮಮ್ಮ ಏನ್ ತಿನ್ನಿಸಿ ಬೆಳೆಸಿದ್ಲೋ?" ಅವನು ಮುಚ್ಚಳ ಎತ್ತಿ ಮೂಸಿದ, ಕಣ್ಣು ಮುಚ್ಚಿದ, ಬಿಟ್ಟ.

ಒಳಗೆ ಜನರಲ್ ಗಾಲಿಕುರ್ಚಿಯಲ್ಲಿ ಕತ್ತು ವಾಲಿಸಿ ಕೂತಿದ್ದ. ಕಪ್ಪು ಕನ್ನಡಕ, ಕಾಲ ಮೇಲೆ ಕಂಬಳಿ. ಹೆಂಡತಿ ಪಕ್ಕದಲ್ಲಿ ಬೀಸಣಿಗೆ ಬೀಸುತ್ತಿದ್ದಳು. ದೆನೆ ಕೊನೆಯ ಬೆಂಚಿನಲ್ಲಿದ್ದಳು.

"ಇವರು ಸ್ವಂತ ಹೆಂಡತಿಯನ್ನೇ ಗುರುತು ಹಿಡಿಯಲಾರರು" ಎಂದು ಪ್ಯಾರಿಸ್ ವಕೀಲ ಗದ್ಗದಿತನಾದ. ಕೊನೆಯ ಬೆಂಚಿನಿಂದ ಉಸಿರೋ ನಗುವೋ ತಿಳಿಯದ ಒಂದು ಸದ್ದು ಬಂತು. ನ್ಯೀಮಾ ತಿರುಗಿ ನೋಡಿದಳು. ದೆನೆ ಸೆರಗಿನಂತೆ ಹೊದ್ದಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ನ್ಯೀಮಾ ಎದುರಿಗೆ ಹೋಗಿ ನಿಂತಳು. ಹೇಗಿದೀಯ, ಮನೆಯವರು ಹೇಗಿದಾರೆ, ಮೈ ಹೇಗಿದೆ, ನಿದ್ದೆ ಹೇಗಿದೆ ಎಂದು ಕೇಳಿದಳು. ಜನರಲ್‌ನ ತುಟಿ ಅಲುಗಲಿಲ್ಲ. ಮರೆವು ನಿಜವೇ ಇರಬಹುದು ಎಂದು ಒಂದು ಕ್ಷಣ ಅವಳಿಗೂ ಅನಿಸಿತು.

"ಸಾಕು, ಕೂತುಕೊಳ್ಳಿ" ಎಂದ ಪ್ಯಾರಿಸ್ ವಕೀಲ.

"ಕ್ಷೇಮ ವಿಚಾರಿಸಿ ಮುಗಿದಿಲ್ಲ." ಅವಳು ನ್ಯಾಯಾಧೀಶರತ್ತ ತಿರುಗಿದಳು. "ಸ್ವಾಮಿ, ಈ ಫಾಯ್‌ಗೂ ನನಗೂ ಒಂದು ವ್ಯಾಜ್ಯ ಇದೆ. ಇವನ ಬುದ್ಧಿ ಹೋಗಿದೆ ಅಂದ್ಮೇಲೆ ಇವತ್ತೇ ತೀರಿಸ್ಬಿಡಿ."

"ಅದು ಈ ಕೋರ್ಟಿನ ವಿಷಯ ಅಲ್ಲಮ್ಮ" ಎಂದರು ನ್ಯಾಯಾಧೀಶ ಬಾಖೂಮ್. ಬಾಖೂಮ್ ಎಂಬುದು ಸೆರೇರ್ ಮನೆತನ. ಅವರು ಲೇಖನಿ ಮುಚ್ಚಿದರು, ತೆರೆದರು. "ಏನು ವ್ಯಾಜ್ಯ?"

ನ್ಯೀಮಾ ಪಾತ್ರೆಯ ಮುಚ್ಚಳ ತೆಗೆದಳು. ನಿಂಬೆಯ ಪರಿಮಳ ಕೋರ್ಟನ್ನೆಲ್ಲ ತುಂಬಿತು. ದೋಣಿ, ಅಕ್ಕಿ, ಪಾತ್ರೆ, ಸೀಕಲು, ಎಲ್ಲವನ್ನೂ ಹೇಳಿದಳು. "ಅಕ್ಕಿ ನಮ್ಮದು, ಸೀಕಲು ನಮ್ಮದು. ಸೆರೇರರಿಗೆ ಬರೀ ಹಸಿವು ಸ್ವಂತದ್ದು."

ನ್ಯಾಯಾಧೀಶರು ಲೇಖನಿಯನ್ನು ಪಕ್ಕಕ್ಕಿಟ್ಟರು. "ಪಾತ್ರೆ ಉತ್ತರದ ತುಂಡಿನಲ್ಲಿತ್ತು ಅನ್ನೋದನ್ನ ನೀನೂ ಒಪ್ತೀಯ?"

"ನೀವು ಕದ್ದಿದ್ರಿಂದ ಅಲ್ಲಿತ್ತು."

"ಕದ್ದಿಲ್ಲ. ಗುಲಾಮರ ಸಾಮಾನು ಯಜಮಾನರದ್ದೇ."

ಬಾಗಿಲಲ್ಲಿ ಪೇದೆ ಬಾಜಿ ಟೋಪಿ ತೆಗೆದ. "ಸ್ವಾಮಿ, ಕೆಲಸ ಹೋದ್ರೆ ಹೋಗ್ಲಿ. ಈಜೋಕೆ ಬರ್ದೆ ಪಾತ್ರೆ ತಬ್ಕೊಂಡು ತೇಲಿದ್ರು ನಿಮ್ಮವರು. ಅದಕ್ಕೇ ಪಾತ್ರೆ ಅಲ್ಲಿತ್ತು."

ಗುಮಾಸ್ತೆ ಸೆರೇರ್ ಹೆಂಗಸು. ಟೈಪು ಮಾಡುವುದನ್ನು ನಿಲ್ಲಿಸಿ, ನಿಮ್ಮವರು ಅಕ್ಕಿಮೂಟೆ ಇಳಿಸಿದ್ದರೆ ದೋಣಿ ಒಡೆಯುತ್ತಲೇ ಇರಲಿಲ್ಲ ಎಂದಳು. ಹಿಂದಿನ ಬೆಂಚುಗಳು ಎದ್ದವು. ಪ್ಯಾರಿಸ್ ವಕೀಲ ಆಕ್ಷೇಪಣೆ ಎಂದು ಕೂಗಿದ. ಯಾವುದಕ್ಕೆ ಎಂದು ನ್ಯಾಯಾಧೀಶರು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಮಗಾತ್ ಮೇಜಿನ ಮೇಲೆ ಹಣೆ ಇಟ್ಟಿದ್ದ.

ಈ ಗದ್ದಲದಲ್ಲಿ ನ್ಯೀಮಾ ನೋಡುತ್ತಿದ್ದದ್ದು ಕಂಬಳಿಯಿಂದ ಹೊರಗಿದ್ದ ಜನರಲ್‌ನ ಒಂದು ಬೆರಳನ್ನು. ಅದು ಕುರ್ಚಿಯ ಕೈಯನ್ನು ಕುಟ್ಟುತ್ತಿತ್ತು. ಪ್ರತಿ ಬೈಗುಳಕ್ಕೂ ಒಂದು ಕುಟ್ಟು.

ಅವಳು ದನಿ ತಗ್ಗಿಸಿದಳು. ಎಲ್ಲರೂ ಕಿವಿಗೊಟ್ಟರು.

"ತಪ್ಪು ನಂದೇ ಸ್ವಾಮಿ. ಇವನ ಹತ್ರ ಉತ್ತರ ಕೇಳಬಾರ್ದಿತ್ತು. ಇವನು ಫಾಯ್ ಅಲ್ಲ. ಮನೆ ಇಲ್ದೆ ಬಂದ, ಮರ್ಯಾದೆಗೆ ಒಂದು ಹೆಸರು ಕೊಟ್ರು. ಫಾಯ್ ಆಗಿದ್ರೆ ಇಷ್ಟು ಹೊತ್ತು ಸುಮ್ನಿರ್ತಿದ್ನಾ? ಹೆಸರು ವಾಪಸ್ ಮಾಡ್ಲಿ. ಸೀಕಲು ನಾನೇ ತಿಂತೀನಿ." ಪಾತ್ರೆಯ ತಳದಿಂದ ಒಂದು ತುಂಡು ಮುರಿದಳು. ಕಟ್ ಎಂದಿತು.

"ಇಡೇ ಕೆಳಗೆ."

ಜನರಲ್ ಎದ್ದು ನಿಂತಿದ್ದ. ಕಂಬಳಿ ಕಾಲ ಬುಡದಲ್ಲಿ ಬಿದ್ದಿತ್ತು.

"ಅನ್ನದ ಹುಳ. ಗುಲಾಮರ ಗುಲಾಮಿ. ನಾನು ಫಾಯ್ ಅಲ್ವಾ? ಇಪ್ಪತ್ತು ವರ್ಷ ನಿನ್ನ ಬಾಯಿಗೆ ಉತ್ತರ ಕೊಟ್ಟವನು ಯಾರು, ನಿಮ್ಮಪ್ಪನಾ? ಗುರುವಾರ ಕಳ್ಸಿದ್ದ ಪಾತ್ರೇಲಿ ಅರ್ಧ ಸೀಕಲು ನೀನೇ ಮುಂಚೆ ಕೆರ್ಕೊಂಡಿದ್ದೆ, ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಪಾತ್ರೆ ಉತ್ತರದ ತುಂಡಲ್ಲಿತ್ತು. ಪಾತ್ರೆ ಹಿಡಿದದ್ದು ಪಾತ್ರೆಯವರದ್ದು." ಎರಡು ಹೆಜ್ಜೆ ನಡೆದು ಬಂದು ಅವಳ ಕೈಯ ತುಂಡನ್ನು ಕಸಿದು ಬಾಯಿಗೆ ಹಾಕಿಕೊಂಡ.

ಕುರುಂ ಕುರುಂ ಎಂದು ಅಗಿಯುವುದಷ್ಟೇ ಕೇಳುತ್ತಿತ್ತು. ಅದು ನಿಧಾನವಾಯಿತು. ನಿಂತಿತು. ಹೆಂಡತಿಯ ಬೀಸಣಿಗೆಯೂ ನಿಂತಿತು.

"ಫಾಯ್ ಅವರೇ, ಕೂತ್ಕೊಳ್ಳಿ" ಎಂದರು ನ್ಯಾಯಾಧೀಶರು, ಕನ್ನಡಕ ಹಾಕಿಕೊಳ್ಳುತ್ತಾ. ಜನರಲ್‌ಗೆ ಮರೆವಿಲ್ಲ, ಪ್ರಯಾಣಕ್ಕೆ ಅಡ್ಡಿಯಿಲ್ಲ, ಅವನ ದೇಶಕ್ಕೆ ಕಳಿಸತಕ್ಕದ್ದು ಎಂದು ಬರೆಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಸೀಕಲಿನ ಬಗ್ಗೆ ತೀರ್ಪು ಕಾಯ್ದಿರಿಸಲಾಗಿದೆ" ಎಂದರು.

ಪೇದೆಗಳು ಕರೆದೊಯ್ಯುವಾಗ ಜನರಲ್ ನ್ಯೀಮಾಳ ಎದುರು ನಿಂತ. ಸಿಟ್ಟಾಗುವಂತಿರಲಿಲ್ಲ, ಅವನು ಫಾಯ್.

"ಬರೀ ಒಂದು ತಮಾಷೆಗೆ ಮನುಷ್ಯನ್ನ ಜೈಲಿಗೆ ಕಳಿಸ್ತಾರೇನೇ?" ಎಂದ.

ಯಾವ ಮಾತಿಗೂ ಉತ್ತರ ಬಾಕಿ ಇಡದ ನ್ಯೀಮಾ ಒಂದಿಷ್ಟು ಪಕ್ಕಕ್ಕೆ ಸರಿದಳು. ಅವಳ ಹಿಂದೆ ದೆನೆ ನಿಂತಿದ್ದಳು. ಜನರಲ್ ಕನ್ನಡಕ ತೆಗೆದು ದೆನೆಯ ಮುಖವನ್ನು ನೋಡಿದ. ಈ ಬಾರಿ ನಿಜವಾಗಿಯೂ ಗುರುತು ಸಿಗಲಿಲ್ಲ.

ಅವನನ್ನು ಹೊತ್ತ ವಿಮಾನ ಮೀನುದೋಣಿಗಳ ಮೇಲೆಯೇ ಹಾದುಹೋಯಿತು. ಆಮೇಲೆ ಕೆಲವು ವಾರ ನ್ಯೀಮಾಳ ಮಧ್ಯಾಹ್ನಗಳು ಸಪ್ಪಗಿದ್ದವು. ಸೀಕಲು ಪಾತ್ರೆಯಲ್ಲೇ ಉಳಿಯುತ್ತಿತ್ತು. ಸಿಟ್ಟು ಬಂದು ಅದನ್ನು ಬೆಕ್ಕಿಗೆ ಹಾಕುತ್ತಿದ್ದಳು. ಬೆಕ್ಕು ಮೂಸಿಯೂ ನೋಡುತ್ತಿರಲಿಲ್ಲ. ಒಂದು ಭಾನುವಾರ ನ್ಯಾಯಾಧೀಶ ಬಾಖೂಮ್ ಮನೆಬಟ್ಟೆಯಲ್ಲಿ ಬಂದು ಉಂಡು, ತೀರ್ಪು ಕೊಡುವ ಮುನ್ನ ಸ್ಥಳಪರಿಶೀಲನೆ ಅಗತ್ಯ ಎಂದು ತಳ ಕೆರೆದು ಹೋದರು. ಅದು ಸ್ವಲ್ಪ ಸಮಾಧಾನ ತಂದಿತು.

ಸಾಕ್ಷಿ ಹೇಳಲು ದೆನೆ ತನ್ನ ದೇಶಕ್ಕೆ ಹೊರಟ ದಿನ ಟ್ಯಾಕ್ಸಿ ಬೇವಿನ ಮರದ ಕೆಳಗೇ ಬಂದು ನಿಂತಿತು. ನ್ಯೀಮಾ ಸೌಟು ಹಿಡಿದೇ ಎದ್ದಳು.

"ದೆನೇ, ಈ ಬೀದೀಲಿ ಫಾಯ್ ಜಾಗ ಖಾಲಿ ಬಿದ್ದಿದೆ. ನೀನು ತಗೋ."

"ನಂಗೆ ಬೈಯೋಕೆ ಬರಲ್ಲ ಅಕ್ಕ."

"ಕಲಿ. ಗುಲಾಮಿ ಅನ್ನು."

ದೆನೆ ಚೀಲವನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿದಳು. "ನೀವು... ಗುಲಾಮರು."

"ಥೂ. ಗುಲಾಮರಿಗೆ ಯಾರಾದ್ರೂ ನೀವು ಅಂತಾರಾ? ಉಪ್ಪಿಲ್ಲ, ಖಾರ ಇಲ್ಲ."

ಡ್ರೈವರ್ ಹಾರ್ನ್ ಒತ್ತಿದ. ದೆನೆ ಟ್ಯಾಕ್ಸಿ ಹತ್ತಿ ಬಾಗಿಲು ಹಾಕಿಕೊಂಡಳು. ಆಮೇಲೆ ಕಿಟಕಿಯಿಂದ ಕತ್ತು ಚಾಚಿ ಒಲೆಯ ಮೇಲಿನ ಪಾತ್ರೆಯನ್ನು ನೋಡಿದಳು.

"ಏನೇ ಗುಲಾಮಿ, ಅನ್ನ ಇಷ್ಟು ಸೀದಿದೆಯಲ್ಲ. ಕಪ್ಪು ಕನ್ನಡಕ ಹಾಕ್ಕೊಂಡು ಅಡುಗೆ ಮಾಡಿದ್ಯಾ?"

ನ್ಯೀಮಾಳ ಕೈಯ ಸೌಟು ಅಲ್ಲೇ ನಿಂತಿತು. ಟ್ಯಾಕ್ಸಿ ಹೊರಟಿತು. ಆಗ ಅವಳಿಗೆ ಬಾಯಿ ಬಂತು. ಸಜ್ಜೆ ಮುಕ್ಕುವ ಮೂತಿಗೆ ಅಕ್ಕಿಯ ಬೆಲೆ ಏನು ಗೊತ್ತು, ನಿನ್ನ ಪಾಲಿನ ಸೀಕಲು ತೆಗೆದಿಟ್ಟಿರ್ತೀನಿ, ಬಂದು ಗೋಗರೆದು ತಿನ್ನು ಎಂದು ಬೈಯುತ್ತಾ ಹಿಂದೆಯೇ ಓಡಿದಳು. ಟ್ಯಾಕ್ಸಿ ಮಸೀದಿಯ ತಿರುವು ದಾಟಿದ ಮೇಲೂ ಅವಳು ಬೈಗುಳ ನಿಲ್ಲಿಸಲಿಲ್ಲ. ಮೀನು ಇಳಿಸುತ್ತಿದ್ದವರು ತಲೆಯೆತ್ತಿ ನೋಡಿ, ಇವತ್ತಿನ ಊಟಕ್ಕೆ ಉಪ್ಪು ಸರಿಯಾಗಿರುತ್ತದೆ ಎಂದುಕೊಂಡರು.